ಗಡಿ ದಾಟುವ ಗಾಡಿ, ಕ್ಯಾಮೆರಾ ಕಣ್ಣು: ಕಾಸರಗೋಡಿನ ಚಾಲಕರಿಗೆ ಒಂದು ಕೈಪಿಡಿ

ಉಪ್ಪಳದಿಂದ ಗಡಿಯಾಚೆ ದೇರಳಕಟ್ಟೆಯ ಆಸ್ಪತ್ರೆಗೆ ಹೋಗಿ ಬರುವುದನ್ನು ನಾವು ಯಾರೂ ದೂರದ ಪ್ರಯಾಣ ಅಂದುಕೊಳ್ಳುವುದಿಲ್ಲ. ಆದರೆ ಅಷ್ಟರಲ್ಲೇ ನಮ್ಮ ಗಾಡಿಯ ನಂಬರು ಎರಡು ರಾಜ್ಯಗಳ ದಾಖಲೆ ಸೇರಿರುತ್ತದೆ. ಈಚೆ ಬದಿಯಲ್ಲಿ ಕೇರಳದ ಕ್ಯಾಮೆರಾ ಹೆಲ್ಮೆಟ್, ಸೀಟ್ ಬೆಲ್ಟ್ ನೋಡುತ್ತದೆ. ತಲಪಾಡಿ ಟೋಲ್‌ಗೇಟಿನಲ್ಲಿ ಫಾಸ್ಟ್‌ಟ್ಯಾಗ್ ನಿಮಿಷ ಸಮೇತ ಬರೆದಿಡುತ್ತದೆ. ಆಚೆ ಬದಿಯಲ್ಲಿ ಕರ್ನಾಟಕ ಪೊಲೀಸರ ಕ್ಯಾಮೆರಾ. ನಡುವೆ ಕೈ ಅಡ್ಡ ಹಿಡಿದು ‘ಬುಕ್ಕುಂ ಪೇಪರುಂ’ ಕೇಳುವವರು ಬೇರೆ.

ಇದೆಲ್ಲ ಬೇಡ ಎಂದು ನಾನು ಹೇಳುವುದಿಲ್ಲ. ಹೆದ್ದಾರಿ ಆರು ಪಥವಾದ ಮೇಲೆ ಗಾಡಿಗಳ ವೇಗ ಜಾಸ್ತಿಯಾಗಿದೆ. ಗುದ್ದಿ ಓಡಿಹೋದವರನ್ನು ಹಿಡಿಯುವುದಕ್ಕೆ, ಕದ್ದ ಬೈಕ್ ಪತ್ತೆ ಮಾಡುವುದಕ್ಕೆ ಕ್ಯಾಮೆರಾ ಬೇಕು. ಆದರೆ ನೋಡುವವರಿಗೂ ನಿಯಮ ಇದೆ. ಖಾಸಗಿತನ ನಮ್ಮ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠ 2017ರ ಆಗಸ್ಟ್ 24ರಂದು ಹೇಳಿದೆ. ಗಾಡಿ ಹತ್ತಿದ ಕೂಡಲೇ ಆ ಹಕ್ಕು ಇಳಿದು ಹೋಗುವುದಿಲ್ಲ. ಅದನ್ನು ಉಳಿಸಿಕೊಳ್ಳುವುದಕ್ಕೆ ನಾವು ಮಾಡಬೇಕಾದ ಕೆಲಸಗಳನ್ನು ಒಂದೊಂದಾಗಿ ನೋಡೋಣ.

1. ಕ್ಯಾಮೆರಾ ಯಾರದ್ದು ಎಂದು ತಿಳಿದುಕೊಳ್ಳಿ

ನಮ್ಮಲ್ಲಿ ಎಲ್ಲರೂ ‘ಪೊಲೀಸ್ ಕ್ಯಾಮೆರಾ’ ಅನ್ನುತ್ತಾರೆ. ಆದರೆ ಕೇರಳದಲ್ಲಿ ಎಐ ಕ್ಯಾಮೆರಾ ಎಂದು ಹೆಸರಾದದ್ದು ಮೋಟಾರು ವಾಹನ ಇಲಾಖೆಯದ್ದು, ಅಂದರೆ ಎಂವಿಡಿಯದ್ದು. ‘ಸೇಫ್ ಕೇರಳ’ ಯೋಜನೆಯಲ್ಲಿ ಕೆಲ್ಟ್ರಾನ್ ಸಂಸ್ಥೆ ರಾಜ್ಯದಲ್ಲೆಲ್ಲ 726 ಕ್ಯಾಮೆರಾ ಹಾಕಿತು. ಅದರಲ್ಲಿ 675 ಹೆಲ್ಮೆಟ್, ಸೀಟ್ ಬೆಲ್ಟ್, ಫೋನ್ ಹಿಡಿದು ಓಡಿಸುವುದು, ಬೈಕಿನಲ್ಲಿ ಮೂವರು ಹೋಗುವುದು ಇಂಥದ್ದನ್ನು ನೋಡುವವು. 2023ರ ಏಪ್ರಿಲ್ 20ರಂದು ಉದ್ಘಾಟನೆಯಾಯಿತು, ಜೂನ್ 5ರಿಂದ ದಂಡ ಹಾಕುವುದು ಶುರುವಾಯಿತು. ಪೊಲೀಸರ ಕ್ಯಾಮೆರಾಗಳು ಬೇರೆ, ಪಂಚಾಯತು, ಅಂಗಡಿಯವರು ಹಾಕಿದ ಸಿಸಿಟಿವಿ ಬೇರೆ. ಟೋಲ್‌ಗೇಟಿನದ್ದು ಮತ್ತೂ ಬೇರೆ.

ಇದು ಯಾಕೆ ಮುಖ್ಯ ಅಂದರೆ, ತಪ್ಪು ನೋಟಿಸ್ ಬಂದಾಗ ಜನ ಮೊದಲು ಸ್ಟೇಷನ್ನಿಗೆ ಓಡುತ್ತಾರೆ. ಎಂವಿಡಿಯ ಚಲನ್ ಬಗ್ಗೆ ಸ್ಟೇಷನ್ನಿನವರು ಏನೂ ಮಾಡಲಾರರು. ಮಂಗಳೂರು ಪೊಲೀಸರ ಚಲನ್ ಬಗ್ಗೆ ಕಾಸರಗೋಡು ಆರ್‌ಟಿಒ ಕಛೇರಿಯೂ ಏನೂ ಮಾಡಲಾರದು. ನೋಟಿಸಿನ ಮೇಲ್ಭಾಗದಲ್ಲಿ ಯಾವ ರಾಜ್ಯ, ಯಾವ ಇಲಾಖೆ, ಯಾವ ಕಛೇರಿ ಎಂದು ಬರೆದಿರುತ್ತದೆ. ಮೊದಲು ಅದನ್ನು ಓದಿ.

2. ಆರ್‌ಸಿಯಲ್ಲಿರುವ ಮೊಬೈಲ್ ನಂಬರ್ ಯಾರದ್ದು?

ನಮ್ಮ ಜಿಲ್ಲೆಯಲ್ಲಿ ಇದೇ ದೊಡ್ಡ ತೊಂದರೆ. ಸ್ಕೂಟರ್ ಮನೆಯಲ್ಲಿದೆ, ಆರ್‌ಸಿ ದುಬೈಯಲ್ಲಿರುವ ಮಗನ ಹೆಸರಲ್ಲಿದೆ. ಅವನು ಊರಿನಲ್ಲಿದ್ದಾಗ ಕೊಟ್ಟ ಸಿಮ್ ಬಂದ್ ಆಗಿ ವರ್ಷಗಳಾಗಿವೆ. ಇಲ್ಲವಾದರೆ ಗಾಡಿ ತೆಗೆಯುವಾಗ ಶೋರೂಮಿನವರೋ ಏಜೆಂಟರೋ ತಮ್ಮ ನಂಬರನ್ನೇ ಹಾಕಿ ಕೆಲಸ ಮುಗಿಸಿರುತ್ತಾರೆ. ಚಲನಿನ ಎಸ್‌ಎಂಎಸ್ ಆ ನಂಬರಿಗೇ ಹೋಗುತ್ತದೆ. ನಿಮಗೆ ಗೊತ್ತಾಗುವುದು ಗಾಡಿ ಮಾರಲು ಹೊರಟಾಗ. ಅಷ್ಟರಲ್ಲಿ ಆಕ್ಷೇಪ ಹೇಳುವ ಗಡುವು ಮುಗಿದು, ವಿಷಯ ಕೋರ್ಟಿಗೆ ಹೋಗಿರಲೂಬಹುದು.

ಕೇಂದ್ರ ಸರಕಾರದ ಪರಿವಾಹನ ಪೋರ್ಟಲಿನಲ್ಲಿ ಮೊಬೈಲ್ ನಂಬರ್ ಬದಲಿಸಲು ಅವಕಾಶ ಇದೆ. ರಿಜಿಸ್ಟ್ರೇಷನ್ ನಂಬರ್, ಚಾಸಿ ನಂಬರ್, ಎಂಜಿನ್ ನಂಬರ್ ಕೈಯಲ್ಲಿರಲಿ. ಸ್ವಂತ ಮಾಡಲು ಆಗದವರು ಹತ್ತಿರದ ಅಕ್ಷಯ ಕೇಂದ್ರಕ್ಕೆ ಹೋಗಿ. ಆದರೆ ಒಟಿಪಿ ಬರುವ ಫೋನ್ ನಿಮ್ಮದೇ ಆಗಿರಲಿ, ಅಲ್ಲಿ ಕುಳಿತವರ ನಂಬರ್ ಹಾಕಿಸಬೇಡಿ.

ಗಾಡಿ ಮಾರುವವರು ಇನ್ನೂ ಜಾಗ್ರತೆ ವಹಿಸಬೇಕು. ಕೆಎಲ್ 14 ನಂಬರಿನ ಹಳೆ ಕಾರನ್ನು ಪುತ್ತೂರಿನವರಿಗೆ ಮಾರಿ, ಬರೇ ಒಂದು ಸ್ಟ್ಯಾಂಪ್ ಪೇಪರಿನಲ್ಲಿ ಸಹಿ ಮಾಡಿ ಕೊಟ್ಟರೆ ಕೆಲಸ ಮುಗಿಯಲಿಲ್ಲ. ಫಾರಂ 29, 30 ಕೊಟ್ಟು ಹೆಸರು ಬದಲಾಗಬೇಕು. ಬೇರೆ ರಾಜ್ಯಕ್ಕಾದರೆ ಫಾರಂ 28ರ ಎನ್‌ಒಸಿ, ಅಂದರೆ ಆಕ್ಷೇಪ ಇಲ್ಲ ಎಂಬ ಪತ್ರವೂ ಬೇಕು. ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಅಪಘಾತದ ಪರಿಹಾರಕ್ಕೂ ಅವರೇ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಹೊಸ ಮಾಲೀಕ ಆ ಕಾರಿನಲ್ಲಿ ಏನು ಸಾಗಿಸಿದರೂ ಪೊಲೀಸರು ಮೊದಲು ಬಂದು ಬಾಗಿಲು ತಟ್ಟುವುದು ನಿಮ್ಮ ಮನೆಯದ್ದೇ.

3. ನಂಬರ್ ಪ್ಲೇಟ್ ಸರಿ ಇಡಿ, ಮರೆಮಾಚಬೇಡಿ

ಖಾಸಗಿತನದ ಹೆಸರಲ್ಲಿ ಪ್ಲೇಟಿಗೆ ಮಣ್ಣು ಮೆತ್ತುವುದು, ಮಡಚುವುದು, ಅಂಕಿಗೆ ಸ್ಟಿಕ್ಕರ್ ಅಂಟಿಸುವುದು ಮಾಡಬೇಡಿ. ಅದು ನಿಮ್ಮ ಮೇಲೆಯೇ ಅನುಮಾನ ತರುತ್ತದೆ, ಕೇಸೂ ಆಗುತ್ತದೆ. ಕನ್ನಡ ಅಂಕಿ ನನಗೂ ಇಷ್ಟ. ಆದರೆ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಪ್ಲೇಟಿನಲ್ಲಿ ಇಂಗ್ಲಿಷ್ ಅಕ್ಷರ ಮತ್ತು 1, 2, 3 ಅಂಕಿಗಳೇ ಇರಬೇಕು. ಕನ್ನಡವನ್ನು ಬೇರೆ ಕಡೆ ಚಂದಕ್ಕೆ ಬರೆಸಿ, ಪ್ಲೇಟಿನ ಮೇಲೆ ಬೇಡ.

4. ನೋಟಿಸ್ ಬಂದರೆ ದುಡ್ಡು ಕಟ್ಟುವ ಮೊದಲು ಫೋಟೋ ನೋಡಿ

ಸ್ವಲ್ಪ ನಿಧಾನ ಮಾಡಬೇಕಾದದ್ದು ಇಲ್ಲಿ. 500 ರೂಪಾಯಿ ತಾನೇ, ಕಟ್ಟಿ ಬಿಡೋಣ ಎಂದು ಸುಮ್ನೆ ಕಟ್ಟುವವರು ಜಾಸ್ತಿ. ಕಟ್ಟಿದರೆ ತಪ್ಪು ಒಪ್ಪಿಕೊಂಡ ಹಾಗಾಯಿತು. ಹೆಲ್ಮೆಟ್, ಸೀಟ್ ಬೆಲ್ಟಿಗೆ ಕೇರಳದಲ್ಲಿ 500, ಫೋನ್ ಹಿಡಿದಿದ್ದರೆ 2,000, ಬೈಕಿನಲ್ಲಿ ಮೂವರಿದ್ದರೆ 1,000 ಎಂದು ಕ್ಯಾಮೆರಾ ಶುರುವಾದಾಗ ಹೇಳಿದ್ದರು. ಮೊತ್ತ ಸಣ್ಣದಿರಬಹುದು, ಆದರೆ ನಿಮ್ಮ ಹೆಸರಲ್ಲಿ ದಾಖಲೆಯೊಂದು ಉಳಿಯುತ್ತದೆ.

ಇ-ಚಲನ್ ಪೋರ್ಟಲಿನಲ್ಲಿ ಗಾಡಿ ನಂಬರ್ ಮತ್ತು ಚಾಸಿ ಅಥವಾ ಎಂಜಿನ್ ನಂಬರಿನ ಕೊನೆಯ ಐದು ಅಂಕಿ ಹಾಕಿದರೆ ಚಲನ್ ಕಾಣುತ್ತದೆ. ಕೇರಳದ್ದು, ಕರ್ನಾಟಕದ್ದು ಎರಡನ್ನೂ ಹುಡುಕಿ. ಫೋಟೋವನ್ನು ದೊಡ್ಡದು ಮಾಡಿ. ಬೂದು ಬಣ್ಣದ ಚಿತ್ರ, ಮೂಲೆಯಲ್ಲಿ ತಾರೀಕು, ಗಂಟೆ, ಜಾಗದ ಹೆಸರು. ಮೊದಲು ಗಾಡಿಯ ಮಾಡೆಲ್ ನಿಮ್ಮದೇ ಹೌದಾ ನೋಡಿ. ಪ್ಲೇಟಿನಲ್ಲಿ 3 ಮತ್ತು 8, 1 ಮತ್ತು 7 ಅದಲು ಬದಲಾಗಿದೆಯಾ ನೋಡಿ. ಕಪ್ಪು ಅಂಗಿ ಹಾಕಿದವರ ಕಪ್ಪು ಬೆಲ್ಟ್ ಚಿತ್ರದಲ್ಲಿ ಕಾಣದೇ ಹೋಗುವುದುಂಟು. ಕಿವಿ ತುರಿಸಿದ್ದು ಫೋನ್ ಹಿಡಿದ ಹಾಗೆ ಕಂಡಿರಬಹುದು. ಎಲ್ಲ ಸರಿಯಿದ್ದು ತಪ್ಪು ನಿಮ್ಮದೇ ಆಗಿದ್ದರೆ ಕಟ್ಟಿ ಬಿಡಿ.

ಅನುಮಾನ ಇದ್ದರೆ ಕಾನೂನು ನಿಮಗೆ ಒಳ್ಳೆಯ ಹಿಡಿತ ಕೊಟ್ಟಿದೆ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 136ಎ ಕ್ಯಾಮೆರಾ ನಿಗಾಕ್ಕೆ ಆಧಾರ. ಅದರ ಅಡಿಯಲ್ಲಿ 2021ರ ಆಗಸ್ಟಿನಲ್ಲಿ ಬಂದದ್ದು ಕೇಂದ್ರ ಮೋಟಾರು ವಾಹನ ನಿಯಮಗಳ ನಿಯಮ 167ಎ. ಈ ನಂಬರನ್ನು ಬರೆದಿಟ್ಟುಕೊಳ್ಳಿ. ಕ್ಯಾಮೆರಾಕ್ಕೆ ಸರಕಾರದ ಅಧಿಕಾರಿಯ ಮಂಜೂರಾತಿ ಪತ್ರ ಇರಬೇಕು, ಪ್ರತಿ ವರ್ಷ ಅದು ನವೀಕರಣ ಆಗಬೇಕು. ಕ್ಯಾಮೆರಾ ಇದೆ ಎಂದು ಜನರಿಗೆ ಕಾಣುವ ಹಾಗೆ ಮೊದಲೇ ಬೋರ್ಡ್ ಇರಬೇಕು. ಚಲನಿನಲ್ಲಿ ತಪ್ಪು ಮತ್ತು ಪ್ಲೇಟ್ ಎರಡೂ ಸ್ಪಷ್ಟ ಕಾಣುವ ಫೋಟೋ, ತಾರೀಕು, ಸಮಯ, ಜಾಗ, ಯಾವ ಸೆಕ್ಷನ್ ಎಂಬುದು ಬೇಕು. 2021ರ ಆ ನಿಯಮದಲ್ಲಿ ನೋಟಿಸ್ ಕಳುಹಿಸಲು 15 ದಿನದ ಮಿತಿಯನ್ನೂ ಹಾಕಿದ್ದಾರೆ. ಕೇಸು ಮುಗಿಯುವ ತನಕ ಆ ದಾಖಲೆಯನ್ನು ಅವರು ತೆಗೆದಿಡಬೇಕು. ಇದರಲ್ಲಿ ಯಾವುದು ಇಲ್ಲವೋ ಅದನ್ನೇ ನಿಮ್ಮ ಆಕ್ಷೇಪದಲ್ಲಿ ಬರೆಯಿರಿ.

ಆಕ್ಷೇಪ ಒಂದು ಪುಟ ಸಾಕು. ಚಲನ್ ನಂಬರ್, ತಾರೀಕು, ಏನು ತಪ್ಪಾಗಿದೆ, ಏನು ಸಾಕ್ಷಿ. ಅದರೊಟ್ಟಿಗೆ ನಿಮ್ಮ ಗಾಡಿಯ ಫೋಟೋ. ಬಂಪರಿನ ಗೀರು, ಗಾಜಿನ ಮೇಲಿನ ಸ್ಟಿಕ್ಕರ್, ಮಡ್‌ಗಾರ್ಡಿನ ಬಣ್ಣ ಇವೆಲ್ಲ ಸಾಕ್ಷಿಯೇ. ನಿಮ್ಮ ನಂಬರನ್ನೇ ಹಾಕಿಕೊಂಡು ಬೇರೆ ಯಾರೋ ಓಡಾಡುತ್ತಿದ್ದಾರೆ ಅನಿಸಿದರೆ ಕೂಡಲೇ ಪೊಲೀಸ್ ಸ್ಟೇಷನ್ನಿನಲ್ಲಿ ದೂರು ಕೊಟ್ಟು ರಶೀದಿ ತೆಗೆದುಕೊಳ್ಳಿ. ಆ ಹೊತ್ತಿನಲ್ಲಿ ನೀವು ತಲಪಾಡಿ ಟೋಲಿನಲ್ಲಿ ಇದ್ದಿರಾದರೆ ಫಾಸ್ಟ್‌ಟ್ಯಾಗ್ ಕೊಟ್ಟ ಬ್ಯಾಂಕಿನಿಂದ ಸ್ಟೇಟ್‌ಮೆಂಟ್ ತೆಗೆಯಿರಿ. ಇಲ್ಲಿ ನಿಮ್ಮ ಓಡಾಟದ ದಾಖಲೆ ನಿಮ್ಮನ್ನೇ ಕಾಪಾಡುತ್ತದೆ.

ಓಡಿಸಿದ್ದು ಬೇರೆಯವರಾದರೆ? ಅಧಿಕಾರಿ ಕೇಳಿದರೆ ಯಾರು ಓಡಿಸಿದ್ದು ಎಂದು ಹೇಳುವ ಹೊಣೆ ಸೆಕ್ಷನ್ 133ರ ಪ್ರಕಾರ ಮಾಲೀಕರದ್ದು. ಓಡಿಸಿದ್ದು 18 ತುಂಬದ ಮಕ್ಕಳಾದರೆ ವಿಷಯ ದಂಡದಲ್ಲಿ ನಿಲ್ಲುವುದಿಲ್ಲ. ಸೆಕ್ಷನ್ 199ಎ ಪ್ರಕಾರ ತಂದೆ ತಾಯಿಗೋ ಮಾಲೀಕರಿಗೋ 25,000 ರೂಪಾಯಿ ಮತ್ತು ಮೂರು ವರ್ಷದವರೆಗೆ ಸಜೆ ಇದೆ. ಟ್ಯೂಷನ್ನಿಗೆ ಹೋಗಲು ಸ್ಕೂಟರ್ ಕೊಡುವ ಮೊದಲು ಇದು ನೆನಪಿರಲಿ.

ನೋಟಿಸಿನ ಗಡುವು ದಾಟಿದರೆ ಚಲನ್ ವರ್ಚುವಲ್ ಕೋರ್ಟಿಗೆ, ಅಂದರೆ ಆನ್‌ಲೈನಿನಲ್ಲೇ ನಡೆಯುವ ಕೋರ್ಟಿಗೆ ಹೋಗಬಹುದು. ಅಲ್ಲಿಯೂ ದಂಡ ಕಟ್ಟುವುದು, ಕೇಸು ನಡೆಸುವುದು ಎರಡೂ ದಾರಿ ಇವೆ. ಕೇಸು ನಡೆಸುತ್ತೇನೆ ಅಂದರೆ ಅದು ಆ ಜಾಗದ ಸಾಮಾನ್ಯ ಕೋರ್ಟಿಗೆ ಬರುತ್ತದೆ.

ಇನ್ನೊಂದು ಮಾತು, ಫೋಟೋದಲ್ಲಿ ಇರುವವರ ಬಗ್ಗೆ. 2023ರಲ್ಲಿ ಕ್ಯಾಮೆರಾ ಶುರುವಾದ ಹೊಸತರಲ್ಲಿ ತಿರುವನಂತಪುರದಲ್ಲಿ ಒಬ್ಬರ ಹೆಲ್ಮೆಟ್ ಚಲನ್ ಗಾಡಿಯ ಮಾಲಕಿಯಾದ ಹೆಂಡತಿಯ ಫೋನಿಗೆ ಬಂತು. ಚಿತ್ರದಲ್ಲಿ ಹಿಂದೆ ಬೇರೆ ಹೆಂಗಸು ಕುಳಿತಿದ್ದರು. ಮನೆಯಲ್ಲಿ ಜಗಳವಾಗಿ, ಗಂಡ ಹೊಡೆದನೆಂದು ಹೆಂಡತಿ ದೂರು ಕೊಟ್ಟು, ಆತನ ಬಂಧನವೂ ಆಯಿತು. ಹೊಡೆದದ್ದಕ್ಕೆ ಕ್ಯಾಮೆರಾ ಕಾರಣ ಅಲ್ಲ. ಆದರೆ ಹಿಂದೆ ಕುಳಿತಿದ್ದ ಆ ಹೆಂಗಸಿನ ಮುಖ ಆ ನೋಟಿಸಿನಲ್ಲಿ ಇರಬೇಕಾದ ಅಗತ್ಯ ಏನಿತ್ತು? ಹೆಲ್ಮೆಟ್ ಇಲ್ಲದ್ದಕ್ಕೆ ಸವಾರನ ತಲೆ ಮತ್ತು ಪ್ಲೇಟ್ ಸಾಕಲ್ವಾ? ನೀವೂ ಚಲನ್ ಫೋಟೋವನ್ನು ವಾಟ್ಸಾಪ್ ಗ್ರೂಪಿಗೆ ಹಾಕಬೇಡಿ. ಅದರಲ್ಲಿ ಬೇರೆಯವರ ಮುಖ, ನಂಬರ್, ಹೋದ ಜಾಗ ಎಲ್ಲ ಇರುತ್ತದೆ.

5. ಕೈ ತೋರಿಸಿ ನಿಲ್ಲಿಸಿದಾಗ

ನಿಲ್ಲಿಸಿ. ತಪ್ಪಿಸಿಕೊಂಡು ಓಡುವುದು ಬೇಡ, ಜೀವಕ್ಕೇ ಅಪಾಯ. ಗಾಡಿ ಬದಿಗೆ ಹಾಕಿ ಎಂಜಿನ್ ಆಫ್ ಮಾಡಿ. ರಾತ್ರಿಯಾದರೆ ಒಳಗಿನ ಲೈಟ್ ಹಾಕಿ.

ಲೈಸೆನ್ಸ್ ಕೇಳುವ ಅಧಿಕಾರ ಸೆಕ್ಷನ್ 130ರ ಪ್ರಕಾರ ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿಗೆ ಇದೆ. ಮೋಟಾರು ವಾಹನ ಇಲಾಖೆಯ ಅಧಿಕಾರಿಗಳೂ ಕೇಳಬಹುದು. ಮೂಲ ಕಾಗದ ಕೈಯಲ್ಲಿ ಇಲ್ಲದಿದ್ದರೂ ಡಿಜಿಲಾಕರ್ ಅಥವಾ ಎಂಪರಿವಾಹನ್ ಆ್ಯಪಿನಲ್ಲಿ ತೋರಿಸಿದರೆ ಸಾಕು, ಕೇಂದ್ರ ನಿಯಮಗಳ ನಿಯಮ 139ರಲ್ಲಿ ಅದಕ್ಕೆ ಅವಕಾಶ ಇದೆ. ವಾಟ್ಸಾಪಿನಲ್ಲಿರುವ ಫೋಟೋ ಮಾತ್ರ ಇದಕ್ಕೆ ಆಗುವುದಿಲ್ಲ. ಲೈಸೆನ್ಸ್ ವಶಪಡಿಸಿಕೊಂಡರೆ ಅದಕ್ಕೆ ರಶೀದಿ ಕೇಳಿ, ಅದು ಸಿಗಲೇಬೇಕು.

ಸಮವಸ್ತ್ರ ಇಲ್ಲದ ನಾಲ್ಕು ಜನ ಬೈಕ್ ಅಡ್ಡ ಇಟ್ಟು, ಗಾಡಿಯಲ್ಲಿ ಏನಿದೆ, ಜೊತೆಯಲ್ಲಿರುವುದು ಯಾರು, ಯಾವ ಜಾತಿ ಎಂದು ಕೇಳಿದರೆ ಅವರಿಗೆ ಆ ಹಕ್ಕು ಇಲ್ಲ. ಗಡಿಯ ಎರಡೂ ಬದಿಯಲ್ಲಿ ಇದು ಆಗುತ್ತದೆ, ನಮಗೆ ಎಲ್ಲರಿಗೂ ಗೊತ್ತು. ಗ್ಲಾಸ್ ಏರಿಸಿ, ಬಾಗಿಲು ಲಾಕ್ ಮಾಡಿ, 112ಕ್ಕೆ ಕರೆ ಮಾಡಿ. ಈ ನಂಬರ್ ಎರಡೂ ರಾಜ್ಯಗಳಲ್ಲಿ ನಡೆಯುತ್ತದೆ. ಆದರೆ ಗಡಿ ಹತ್ತಿರ ಫೋನ್ ಒಮ್ಮೆ ಕೇರಳದ ಟವರ್, ಒಮ್ಮೆ ಕರ್ನಾಟಕದ ಟವರ್ ಹಿಡಿಯುತ್ತದೆ. ಆದ ಕಾರಣ ಯಾವ ಊರು, ಯಾವ ರಾಜ್ಯ ಎಂದು ಮೊದಲೇ ಹೇಳಿ.

ಮಂಜೇಶ್ವರದ ವಾಮಂಜೂರು ಬದಿಯಲ್ಲಿ ಅಬಕಾರಿಯವರ ತಪಾಸಣೆ ಇರುತ್ತದೆ. ಪೆರ್ಲ, ಅಡ್ಯನಡ್ಕ, ಆದೂರು ದಾರಿಗಳಲ್ಲಿಯೂ ತಪಾಸಣೆ ಎದುರಾಗಬಹುದು. ಡಿಕ್ಕಿ ತೆರೆಯಲು ಹೇಳಿದರೆ ಜಗಳ ಮಾಡಬೇಡಿ. ತೆರೆದು ಪಕ್ಕದಲ್ಲೇ ನಿಂತು ನೋಡಿ. ಹೆಂಗಸರ ಮೈ ತಪಾಸಣೆಯನ್ನು ಹೆಂಗಸರೇ ಮಾಡಬೇಕು. ಮಾದಕ ವಸ್ತುವಿನ ಅನುಮಾನದಲ್ಲಿ ಮೈ ತಪಾಸಣೆ ಮಾಡುವುದಾದರೆ, ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟರ ಎದುರು ಮಾಡಿ ಎಂದು ಕೇಳುವ ಹಕ್ಕು ಎನ್‌ಡಿಪಿಎಸ್ ಕಾಯ್ದೆಯ ಸೆಕ್ಷನ್ 50ರಲ್ಲಿ ಇದೆ. ಆ ಹಕ್ಕು ಮೈ ತಪಾಸಣೆಗೆ ಮಾತ್ರ, ಗಾಡಿಗೆ ಅಥವಾ ಬ್ಯಾಗಿಗೆ ಅನ್ವಯಿಸುವುದಿಲ್ಲ. ಹಳೆ ಸಿಆರ್‌ಪಿಸಿಯ ಬದಲಿಗೆ ಬಂದ ಬಿಎನ್‌ಎಸ್‌ಎಸ್ ಕಾನೂನು 2024ರ ಜುಲೈ 1ರಿಂದ ಜಾರಿಯಲ್ಲಿದೆ. ಅದರ ಸೆಕ್ಷನ್ 105ರ ಪ್ರಕಾರ ತಪಾಸಣೆ, ವಶಪಡಿಸಿಕೊಳ್ಳುವುದು ಎಲ್ಲವನ್ನೂ ವಿಡಿಯೋ ಮಾಡಬೇಕು. ಏನಾದರೂ ವಶಕ್ಕೆ ತೆಗೆದುಕೊಂಡರೆ ಪಟ್ಟಿಯ ಪ್ರತಿ ಕೇಳಿ.

ಹುಡುಗರಿಗೆ ಒಂದು ಮಾತು. ಮಂಗಳೂರಿನಿಂದ ಬರುವಾಗ ಯಾರೋ ಪರಿಚಯದವರು ‘ಇದೊಂದು ಪಾರ್ಸೆಲ್ ಕಾಸರಗೋಡು ಬಸ್‌ಸ್ಟ್ಯಾಂಡಿನಲ್ಲಿ ಕೊಡು ಮಾರಾಯ’ ಅಂದರೆ ತೆಗೆದುಕೊಳ್ಳಬೇಡಿ. ಮಾದಕ ವಸ್ತುವಿನ ಕೇಸಿನಲ್ಲಿ ನನಗೆ ಗೊತ್ತಿರಲಿಲ್ಲ ಎಂಬುದನ್ನು ನೀವೇ ಸಾಬೀತು ಮಾಡಬೇಕಾಗುತ್ತದೆ. ಗಾಡಿಯೂ ಮುಟ್ಟುಗೋಲಾಗಬಹುದು.

6. ಫೋನ್ ಕೈಗೆ ಕೊಡಬೇಡಿ

ಕಾಗದ ತೋರಿಸಲು ಫೋನ್ ತೆಗೆದಾಗ ಕೆಲವು ಕಡೆ ‘ಇಲ್ಲಿ ಕೊಡು ನೋಡುವ’ ಎಂದು ಕೈ ಚಾಚುತ್ತಾರೆ. ವಾಟ್ಸಾಪ್, ಗ್ಯಾಲರಿ ನೋಡುವ ಅಧಿಕಾರವನ್ನು ಮೋಟಾರು ವಾಹನ ಕಾಯ್ದೆ ಯಾರಿಗೂ ಕೊಟ್ಟಿಲ್ಲ. ಕೇಸು ದಾಖಲಾಗಿ ತನಿಖೆಗೆ ಬೇಕಾದರೆ ಅದಕ್ಕೆ ಬೇರೆ ದಾರಿ ಇದೆ, ಕಾಗದ ಪತ್ರ ಇದೆ. ರಸ್ತೆ ಬದಿಯಲ್ಲಿ ಸುಮ್ನೆ ನೋಡುವುದಕ್ಕೆ ಇಲ್ಲ. ‘ಸಾರ್, ಲೈಸೆನ್ಸ್ ಇಲ್ಲಿದೆ ನೋಡಿ’ ಎಂದು ಫೋನನ್ನು ನಿಮ್ಮ ಕೈಯಲ್ಲೇ ಹಿಡಿದು ತೋರಿಸಿ. ಆಂಡ್ರಾಯ್ಡ್ ಫೋನಿನಲ್ಲಿ ಆ್ಯಪನ್ನು ಪಿನ್ ಮಾಡಿಡಬಹುದು. ಅದರಲ್ಲಿ ಲಾಕ್ ಕೇಳುವ ಆಯ್ಕೆಯನ್ನೂ ಹಾಕಿಟ್ಟರೆ, ಲಾಕ್ ತೆಗೆಯದೆ ಬೇರೆ ಏನೂ ತೆರೆಯಲು ಆಗುವುದಿಲ್ಲ. ಸೆಟ್ಟಿಂಗ್ಸಿನ ಸೆಕ್ಯುರಿಟಿ ಭಾಗದಲ್ಲಿ ಇದು ಸಿಗುತ್ತದೆ. ಮನೆಯಲ್ಲಿ ಒಮ್ಮೆ ಮಾಡಿ ನೋಡಿಟ್ಟುಕೊಳ್ಳಿ. ಇನ್ನೂ ಸುಲಭ ಬೇಕಾದರೆ ಲೈಸೆನ್ಸ್ ಕಾರ್ಡನ್ನೇ ಪರ್ಸಿನಲ್ಲಿ ಇಟ್ಟುಕೊಳ್ಳಿ.

ಮಾತು ಮೃದುವಾಗಿರಲಿ. ಕಾನೂನು ಬಾಯಿಪಾಠ ಒಪ್ಪಿಸುವುದರಿಂದ ಆ ಹೊತ್ತಿಗೆ ಲಾಭ ಇಲ್ಲ. ಒತ್ತಾಯ ಮಾಡಿದರೆ ಅಂಗಿಯ ಮೇಲಿನ ಹೆಸರು, ಸಮಯ, ಜಾಗ, ಜೀಪಿನ ನಂಬರ್ ನೆನಪಿಟ್ಟು ಆಮೇಲೆ ಬರಹದಲ್ಲಿ ದೂರು ಕೊಡಿ.

7. ಗಾಡಿಯೊಳಗೇ ಇರುವ ದಾಖಲೆ

ಗಾಡಿ ಮಾರುವಾಗ ಫಾಸ್ಟ್‌ಟ್ಯಾಗ್ ಖಾತೆ ಮುಚ್ಚಿ. ಕಾರಿನ ಸ್ಕ್ರೀನಿನಲ್ಲಿ ಬ್ಲೂಟೂತಿಗೆ ಸೇರಿಸಿದ ಫೋನ್‌ಗಳನ್ನು ಅಳಿಸಿ. ಇಲ್ಲದಿದ್ದರೆ ನಿಮ್ಮ ಫೋನಿನಲ್ಲಿರುವ ಹೆಸರು, ನಂಬರ್‌ಗಳೆಲ್ಲ ಹೊಸ ಮಾಲೀಕರಿಗೆ ಸಿಗಬಹುದು. ಟ್ಯಾಕ್ಸಿ, ಬಸ್, ಸ್ಕೂಲ್ ವ್ಯಾನ್ ಓಡಿಸುವವರ ಗಾಡಿಯಲ್ಲಿ ಜಿಪಿಎಸ್ ಸಾಧನ ಇರಬೇಕು. ಕೇರಳದಲ್ಲಿ ಅದು ‘ಸುರಕ್ಷಾ ಮಿತ್ರ’ ವ್ಯವಸ್ಥೆಗೆ ಸೇರಿರುತ್ತದೆ. ಆಟೋಗಳಿಗೆ ಆ ಕಡ್ಡಾಯ ಇಲ್ಲ. ಮಾಹಿತಿ ಒಮ್ಮೆ ಸೇರಿದರೆ ಎಲ್ಲಿಗೆ ಹೋಗುತ್ತದೆ ಎಂಬ ಚಿಂತೆ ಸುಮ್ಮನೆ ಹುಟ್ಟಿದ್ದಲ್ಲ. ಗಾಡಿ ಮತ್ತು ಲೈಸೆನ್ಸಿನ ದಾಖಲೆಯನ್ನು 87 ಖಾಸಗಿ ಸಂಸ್ಥೆಗಳಿಗೆ ನೋಡಲು ಕೊಟ್ಟಿದ್ದೇವೆ, ಅದರಿಂದ 65 ಕೋಟಿ ರೂಪಾಯಿ ಬಂದಿದೆ ಎಂದು ಕೇಂದ್ರ ಸರಕಾರವೇ 2019ರಲ್ಲಿ ಸಂಸತ್ತಿನಲ್ಲಿ ಹೇಳಿತ್ತು. ಮರುವರ್ಷ ಆ ನೀತಿಯನ್ನು ಕೈಬಿಟ್ಟರು.

8. ‘ಚಲನ್’ ಎಂದು ಬರುವ ಎಪಿಕೆ ಫೈಲ್

ವಾಟ್ಸಾಪಿನಲ್ಲಿ ನಿಮ್ಮ ಗಾಡಿ ನಂಬರ್ ಸಮೇತ ಚಲನ್ ಬಂದು, ಕೆಳಗೆ ಎಪಿಕೆ, ಅಂದರೆ ಫೋನಿಗೆ ಆ್ಯಪ್ ಹಾಕುವ ಫೈಲ್ ಇದ್ದರೆ ಮುಟ್ಟಬೇಡಿ. ಕೇರಳದಲ್ಲಿ ಎಷ್ಟೋ ಜನರ ಬ್ಯಾಂಕ್ ಖಾತೆ ಇದರಿಂದ ಖಾಲಿಯಾಗಿದೆ. ಸರಕಾರದ ಇ-ಚಲನ್ ಜಾಲತಾಣದ ವಿಳಾಸ ಜಿಒವಿ ಡಾಟ್ ಇನ್ ಎಂದೇ ಮುಗಿಯುತ್ತದೆ. ದುಡ್ಡು ಹೋಯಿತೆಂದರೆ ನಾಳೆಗೆ ಇಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

9. ಪ್ರಶ್ನೆ ಕೇಳಿ, ಕನ್ನಡದಲ್ಲೇ ಕೇಳಿ

ನೋಟಿಸ್ ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಬಂತು, ಉತ್ತರ ಕನ್ನಡದಲ್ಲಿ ಕೊಟ್ಟರೆ ನಡೆಯುತ್ತದಾ ಎಂದು ಕೇಳುವವರಿದ್ದಾರೆ. ನಡೆಯುತ್ತದೆ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯ ಪ್ರಕಾರ ಕನ್ನಡಿಗರು ಸೆಕ್ರೆಟೇರಿಯೇಟಿಗೆ, ಇಲಾಖೆ ಮುಖ್ಯಸ್ಥರಿಗೆ, ಭಾಷಾ ಅಲ್ಪಸಂಖ್ಯಾತರ ಪ್ರದೇಶದ ಸ್ಥಳೀಯ ಕಛೇರಿಗಳಿಗೆ ಕನ್ನಡದಲ್ಲಿ ಬರೆಯಬಹುದು. ಉತ್ತರವನ್ನೂ ಕನ್ನಡದಲ್ಲೇ ಪಡೆಯಬಹುದು. ಸಂವಿಧಾನದ 350ನೇ ವಿಧಿಯೂ ಅಹವಾಲನ್ನು ನಮ್ಮ ಭಾಷೆಯಲ್ಲಿ ಕೊಡುವ ಹಕ್ಕು ಕೊಟ್ಟಿದೆ. ಅರ್ಜಿಯ ಮೇಲೆಯೇ ಈ ಎರಡು ಸಾಲು ಬರೆದುಬಿಡಿ. ಕೌಂಟರಿನಲ್ಲಿ ವಾದ ಮಾಡುವ ಕೆಲಸ ತಪ್ಪುತ್ತದೆ.

ನಿಮ್ಮ ಊರಿನ ಕ್ಯಾಮೆರಾ ಬಗ್ಗೆ ಮಾಹಿತಿ ಹಕ್ಕಿನಲ್ಲಿ ಕೇಳಬಹುದಾದದ್ದು ಹಲವಿದೆ. ಈ ಕ್ಯಾಮೆರಾದ ಮಂಜೂರಾತಿ ಪತ್ರ ಕೊನೆಗೆ ನವೀಕರಣವಾದದ್ದು ಯಾವಾಗ? ಎಚ್ಚರಿಕೆ ಬೋರ್ಡ್ ಎಲ್ಲಿ ಹಾಕಿದ್ದೀರಿ? ತಪ್ಪು ಮಾಡದ ಗಾಡಿಗಳ ಚಿತ್ರವನ್ನು ಎಷ್ಟು ದಿನ ಇಡುತ್ತೀರಿ? ಬೇರೆ ಯಾವ ಇಲಾಖೆಗೆ, ಯಾವ ಕಂಪೆನಿಗೆ ಕೊಡುತ್ತೀರಿ? ಮೂರನೆಯ ಪ್ರಶ್ನೆ ನನಗೆ ಎಲ್ಲಕ್ಕಿಂತ ಮುಖ್ಯ. ಹೆಲ್ಮೆಟ್ ಹಾಕಿ, ಬೆಲ್ಟ್ ಕಟ್ಟಿ, ಸರಿಯಾಗಿ ಹೋದವರ ಓಡಾಟವನ್ನು ಕೂಡಿಡುವುದಕ್ಕೆ ಏನು ಕಾರಣ ಎಂದು ಯಾರಾದರೂ ಹೇಳಬೇಕು.

ಅರ್ಜಿಗೆ 10 ರೂಪಾಯಿಯ ಕೋರ್ಟ್ ಫೀ ಸ್ಟ್ಯಾಂಪ್ ಅಂಟಿಸಿ. ಬಿಪಿಎಲ್ ಕಾರ್ಡಿನವರಿಗೆ ಶುಲ್ಕ ಇಲ್ಲ, ಕಾರ್ಡಿನ ಪ್ರತಿ ಇಡಿ. ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ, ರಶೀದಿ ಜೋಪಾನ ಮಾಡಿ. 30 ದಿನದಲ್ಲಿ ಉತ್ತರ ಬರಬೇಕು. ಬರದಿದ್ದರೆ, ಅಥವಾ ಬಂದದ್ದು ಅರೆಬರೆಯಾದರೆ, ಅದೇ ಇಲಾಖೆಯ ಮೇಲ್ಮನವಿ ಅಧಿಕಾರಿಗೆ ಮುಂದಿನ 30 ದಿನದೊಳಗೆ ಬರೆಯಿರಿ. ಅದಕ್ಕೆ ಕೇರಳದಲ್ಲಿ ವಕೀಲರ ಅಗತ್ಯ ಇಲ್ಲ, ಮೊದಲ ಅರ್ಜಿಯ ಪ್ರತಿ ಮತ್ತು ಪೋಸ್ಟಿನ ರಶೀದಿ ಸೇರಿಸಿದರೆ ಸಾಕು.